ನಂಬಿಕೆ ಮತ್ತು ಆರಾಧನೆ: ಕನ್ನಡ ಪದಗಳ ದಾರಿಯಲ್ಲಿ ಕ್ರೈಸ್ತ ಧರ್ಮ

ಹೊಸಗನ್ನಡ ಸಾಹಿತ್ಯ ಚರಿತ್ರೆಯ ಪಾಠದಲ್ಲಿ ಕ್ರೈಸ್ತ ಮಿಷನರಿಗಳ ಹೆಸರುಗಳು ಸಾಮಾನ್ಯವಾಗಿ ಪಟ್ಟಿಯ ರೂಪದಲ್ಲಿ ಬರುತ್ತವೆ. 1832ರ ವಿಲಿಯಂ ರೀವ್ ನಿಘಂಟು, 1843ರಲ್ಲಿ ಮೋಗ್ಲಿಂಗ್ ಆರಂಭಿಸಿದ ‘ಮಂಗಳೂರ ಸಮಾಚಾರ’, 1894ರ ಕಿಟೆಲ್ ನಿಘಂಟು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಇವರನ್ನು ಇಂಥ ದುಡಿಮೆಗೆ ಹಚ್ಚಿದ ನಂಬಿಕೆ ಯಾವುದು, ಅದನ್ನು ಹೇಳಲು ಕನ್ನಡದ ಯಾವ ಪದಗಳನ್ನು ಆರಿಸಿಕೊಳ್ಳಲಾಯಿತು ಎಂಬುದು ತಿಳಿಯದಿದ್ದರೆ, ಆ ಕೃತಿಗಳನ್ನು ಹೊರಗಿನಿಂದ ಮಾತ್ರ ಕಂಡಂತಾಗುತ್ತದೆ.

ಈ ವಿಷಯದಲ್ಲಿ ಗದ್ವಾಲ ಸೀಮೆಯ ಉಂಡವಳ್ಳಿಯಂಥ ಊರಿನ ವಿದ್ಯಾರ್ಥಿಗೆ ಒಂದು ಅನುಕೂಲವಿದೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನಡಿಗಡ್ಡೆಯಲ್ಲಿ ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುತ್ತವೆ. ಸಮೀಪದ ಆಲಂಪುರದಲ್ಲಿ ಕನ್ನಡ ಶಾಸನಗಳೂ ಇವೆ. ಬೈಬಲಿನ ಒಂದೇ ಪರಿಕಲ್ಪನೆಯನ್ನು ಈ ಎರಡು ಭಾಷೆಗಳು ಹೇಗೆ ಹೇಳುತ್ತವೆ ಎಂಬುದನ್ನು ಗಮನಿಸಿ. ಕ್ರೈಸ್ತ ಸಮುದಾಯವನ್ನು ತೆಲುಗು ಬೈಬಲು ‘ಸಂಘಮು’ ಎಂದರೆ ಕನ್ನಡ ಬೈಬಲು ‘ಸಭೆ’ ಎನ್ನುತ್ತದೆ. ನೀರಿನ ಸಂಸ್ಕಾರಕ್ಕೆ ತೆಲುಗು ಗ್ರೀಕ್ ಮೂಲದ ‘ಬಾಪ್ತಿಸ್ಮಮು’ ಎಂಬ ಪದವನ್ನೇ ಉಳಿಸಿಕೊಂಡಿತು. ಕನ್ನಡ ‘ದೀಕ್ಷಾಸ್ನಾನ’ ಎಂದಿತು. ಕನ್ನಡದ ಕ್ಯಾಥೊಲಿಕರು ‘ಜ್ಞಾನಸ್ನಾನ’ ಎಂದರು. ದೀಕ್ಷೆ ಎಂಬುದು ಜೈನ, ವೀರಶೈವ ಸಾಹಿತ್ಯವನ್ನು ಓದಿದವರಿಗೆ ಪರಿಚಿತವಾದ ಮಾತು. ಹೀಗೆ ಅನುವಾದಕನು ಪದವನ್ನು ಆರಿಸುವಾಗಲೇ ಅರ್ಥವನ್ನೂ ವ್ಯಾಖ್ಯಾನಿಸಿರುತ್ತಾನೆ.

ಆ ಧರ್ಮದ ತಿರುಳೇನು? ಕ್ರಿ.ಶ. 325ರಲ್ಲಿ ನೈಸಿಯಾ ಎಂಬಲ್ಲಿ ಸೇರಿದ ಧರ್ಮಾಧ್ಯಕ್ಷರ ಪರಿಷತ್ತು ರೂಪಿಸಿದ, 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಪರಿಷತ್ತಿನೊಂದಿಗೆ ವಿಸ್ತಾರಗೊಂಡ ವಿಶ್ವಾಸ ಪ್ರಮಾಣದಲ್ಲಿ ಅದು ಅಡಕವಾಗಿದೆ. ದೇವರು ಒಬ್ಬನೇ, ಆತನು ಸಕಲ ಸೃಷ್ಟಿಯ ಕರ್ತ. ಆತನ ಮಗನಾದ ಯೇಸು ಕ್ರಿಸ್ತನು ಮಾನವರ ರಕ್ಷಣೆಗಾಗಿ ಮನುಷ್ಯನಾಗಿ ಹುಟ್ಟಿ, ಶಿಲುಬೆಯ ಮೇಲೆ ಸತ್ತು, ಮೂರನೆಯ ದಿನ ಜೀವಿತನಾಗಿ ಎದ್ದನು. ಪವಿತ್ರಾತ್ಮನು ಜೀವದಾತ. ಪಾಪಕ್ಷಮೆ, ಒಂದೇ ಸಭೆ, ಸತ್ತವರ ಪುನರುತ್ಥಾನ ಇವುಗಳಲ್ಲಿ ಭರವಸೆ. ತಂದೆ, ಮಗ, ಪವಿತ್ರಾತ್ಮ ಎಂಬುವು ಮೂವರು ದೇವರುಗಳಲ್ಲ, ಒಬ್ಬನೇ ದೇವರು ಎಂಬ ತ್ರಿತ್ವದ ತತ್ತ್ವ ಇದರ ನಡುಗಂಬ.

ಇಲ್ಲಿ ಪರಿಚಿತ ಪದಗಳೇ ಓದುಗನನ್ನು ದಾರಿ ತಪ್ಪಿಸಬಹುದು. ‘ಅವತಾರ’ ಎಂದೊಡನೆ ನಮಗೆ ಯುಗಯುಗದಲ್ಲಿ ಮರಳಿ ಬರುವ ದೇವರು ನೆನಪಾಗುತ್ತಾನೆ; ಕ್ರೈಸ್ತರ ಪ್ರಕಾರ ದೇವರು ಮನುಷ್ಯನಾದದ್ದು ಚರಿತ್ರೆಯಲ್ಲಿ ಒಮ್ಮೆ ಮಾತ್ರ. ‘ಪಾಪ’ವನ್ನು ನಾವು ಪುಣ್ಯದ ಎದುರು ತೂಗುತ್ತೇವೆ, ಅಲ್ಲಿ ಅದು ಮೊದಲಿಗೆ ದೇವರೊಡನೆ ಮುರಿದ ಸಂಬಂಧ, ಕೆಟ್ಟ ಕಾರ್ಯಗಳು ಅದರ ಫಲ. ಆದುದರಿಂದ ಪುಣ್ಯ ಸಂಪಾದಿಸಿ ಆ ಸಂಬಂಧವನ್ನು ಕೊಳ್ಳಲಾಗದು. ಅದು ‘ಕೃಪೆ’ಯಾಗಿ, ದುಡಿಮೆಗೆ ದೊರೆವ ಕೂಲಿಯಾಗಿ ಅಲ್ಲದೆ, ಉಚಿತವಾಗಿ ಬರುವುದು. ಆ ಕೃಪೆಗೆ ಮನುಷ್ಯನು ಕೊಡುವ ಉತ್ತರವೇ ‘ನಂಬಿಕೆ’. ಒಂದು ಸಿದ್ಧಾಂತ ನಿಜವೆಂದು ಒಪ್ಪುವುದಷ್ಟೇ ನಂಬಿಕೆಯಲ್ಲ. ‘ನಿನ್ನನ್ನೇ ನಂಬಿದ್ದೇನೆ’ ಎಂಬ ಆಡುಮಾತಿನಲ್ಲಿ ತನ್ನನ್ನು ಒಪ್ಪಿಸಿಕೊಡುವ ಯಾವ ಧ್ವನಿ ಇದೆಯೋ, ಅದೇ ಇಲ್ಲಿಯೂ ಮುಖ್ಯ.

ಇನ್ನು ಆರಾಧನೆ. ಹೀಬ್ರೂ ಭಾಷೆಯ ‘ಅವೋದಾ’ ಎಂಬ ಪದಕ್ಕೆ ಕೆಲಸ, ಸೇವೆ, ಆರಾಧನೆ ಎಂಬ ಮೂರೂ ಅರ್ಥಗಳಿವೆ. ಗ್ರೀಕಿನ ‘ಪ್ರೊಸ್ಕುನೇಯೊ’ ಎಂದರೆ ಅಡ್ಡಬೀಳುವುದು. ‘ಲೆಯ್ತೂರ್ಗಿಯಾ’ ಎಂದರೆ ಮೂಲದಲ್ಲಿ ಜನಹಿತದ ಸೇವೆ. ಬಾಗುವ ತಲೆ ಮತ್ತು ದುಡಿಯುವ ಕೈ ಎರಡೂ ಸೇರಿದಾಗ ಆರಾಧನೆ ಪೂರ್ಣ. ‘ಕಾಯಕ’ವನ್ನು ಬಲ್ಲ ಕನ್ನಡ ವಿದ್ಯಾರ್ಥಿಗೆ ಇದು ಹೊಸದೆನಿಸದು. ಆದರೂ ವ್ಯತ್ಯಾಸವನ್ನು ಮರೆಯಬಾರದು. ಕ್ರೈಸ್ತ ಆರಾಧನೆ ದೇವರ ಮನವೊಲಿಸುವ ಉಪಾಯವಲ್ಲ. ಆಗಲೇ ದೊರೆತ ಕೃಪೆಗೆ ಸಲ್ಲಿಸುವ ಕೃತಜ್ಞತೆ ಅದು.

ಭಾನುವಾರವು ಪುನರುತ್ಥಾನದ ದಿನವಾದ್ದರಿಂದ ಅಂದು ಸಭೆ ಕೂಡುತ್ತದೆ. ಪಾಪದ ಅರಿಕೆ, ಗೀತೆ, ವೇದಪಠನ, ಪ್ರಸಂಗ, ಪ್ರಾರ್ಥನೆ, ಕಾಣಿಕೆ ಮತ್ತು ರೊಟ್ಟಿ–ದ್ರಾಕ್ಷಾರಸಗಳ ಭೋಜನ ಅದರ ಮುಖ್ಯ ಅಂಗಗಳು. ಆದಿಲಶಾಹಿ ಕಾಲದಿಂದ ಕ್ಯಾಥೊಲಿಕ್ ಸಮುದಾಯವಿರುವ ರಾಯಚೂರು ಜಿಲ್ಲೆಯ ಮುದಗಲ್ಲಿನಂಥ ಊರುಗಳಲ್ಲಿ ಇದು ‘ಬಲಿಪೂಜೆ’. ಕ್ರಿಸ್ತನ ಬಲಿ ಅಲ್ಲಿ ಸನ್ನಿಹಿತವಾಗುತ್ತದೆ ಎಂಬ ಭಾವ ಆ ಹೆಸರಿನಲ್ಲಿದೆ. ಪ್ರೊಟೆಸ್ಟಂಟರು ‘ಕರ್ತನ ಭೋಜನ’ ಎನ್ನುವಾಗ ಸ್ಮರಣೆ ಮತ್ತು ಸಹಭೋಜನಗಳಿಗೆ ಒತ್ತು ಬೀಳುತ್ತದೆ. ಒಂದೇ ಕ್ರಿಯೆಗೆ ಇಟ್ಟ ಎರಡು ಹೆಸರುಗಳು ಎರಡು ದೇವತಾಶಾಸ್ತ್ರಗಳನ್ನು ಹೇಳುತ್ತವೆ.

ಈ ಸಹಭೋಜನವೇ ಆರಾಧನೆಯ ಪರೀಕ್ಷೆಯೂ ಹೌದು. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಬಡವರು ಹಸಿದಿರುವುದನ್ನು ಕೇಳಿದ ಪೌಲನು, ಇದು ಕರ್ತನ ಭೋಜನವೇ ಅಲ್ಲವೆಂದು ಖಂಡಿಸಿದನು. ಅದಕ್ಕೂ ಹಿಂದೆ ಪ್ರವಾದಿ ಆಮೋಸನು, ನ್ಯಾಯವಿಲ್ಲದ ಉತ್ಸವಗಳೂ ಹಾಡುಗಳೂ ದೇವರಿಗೆ ಬೇಡವೆಂದು ಸಾರಿದ್ದನು. ಒಂದೇ ರೊಟ್ಟಿಯನ್ನು ಮುರಿದು ಹಂಚಿಕೊಳ್ಳುವುದು ಜಾತಿ ಕಟ್ಟಿದ ಪಂಕ್ತಿಗಳನ್ನು ಪ್ರಶ್ನಿಸುವ ಕ್ರಿಯೆ. ಭಾರತದ ಚರ್ಚುಗಳೊಳಗೂ ಜಾತಿಯ ಗೆರೆಗಳು ಅಳಿಯದೆ ಉಳಿದದ್ದುಂಟು. ಆದರೆ ಅದನ್ನು ತಪ್ಪೆಂದು ತೋರಿಸುವ ಅಳತೆಗೋಲು ಆ ಆರಾಧನೆಯ ನಡುವೆಯೇ ಇದೆ. ವಚನಕಾರರ ಅನುಭಾವ ಬೇರೆ ನೆಲೆಯದು. ಆದರೂ ನಡೆಯಿಲ್ಲದ ಪೂಜೆಯನ್ನು ಒಪ್ಪದಿರುವಲ್ಲಿ ಈ ಎರಡು ದನಿಗಳು ಸಮೀಪಿಸುತ್ತವೆ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ರೀವ್ ಬಳ್ಳಾರಿಯಲ್ಲಿ ದುಡಿದ ಫಲವಾಗಿ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡಕ್ಕೆ ಬಂದಿತು. ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯಕ್ಕೆ ತಂದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ತನ್ನ ನಂಬಿಕೆಯನ್ನು ಹೇಳಲು ಹೊರಟವನು ಮೊದಲು ಕೇಳುಗರ ನುಡಿಯನ್ನು ಕಲಿಯಬೇಕಾಯಿತು. ಇನ್ನೊಬ್ಬರ ನಂಬಿಕೆಯನ್ನು ಓದುವ ನಮಗೂ ಅದೇ ಶಿಸ್ತು ಬೇಕು. ಕೃಪೆ, ದೀಕ್ಷೆ, ಸಭೆ, ಆರಾಧನೆ ಈ ನಾಲ್ಕರಲ್ಲಿ ಒಂದನ್ನು ಆರಿಸಿಕೊಂಡು ಕಿಟೆಲ್ ನಿಘಂಟಿನಲ್ಲಿ, ಒಂದು ವಚನದಲ್ಲಿ, ಕನ್ನಡ ಬೈಬಲಿನಲ್ಲಿ ಅದರ ಅರ್ಥವನ್ನು ಹುಡುಕಿ ನೋಡಿ. ಒಪ್ಪುವುದು ಬಿಡುವುದು ಆಮೇಲಿನ ಮಾತು. ಸರಿಯಾಗಿ ಅರ್ಥಮಾಡಿಕೊಳ್ಳುವುದು ಸಾಹಿತ್ಯ ವಿದ್ಯಾರ್ಥಿಯ ಮೊದಲ ಕರ್ತವ್ಯ.