ಹೊಗೆಯಿಲ್ಲದ ಒಲೆ

ಒಲೆಯ ಮುಂದೆ ಕುಳಿತು ಊದುಗೊಳವೆಯಿಂದ ಊದುತ್ತ, ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುವ ಗೃಹಿಣಿಯ ಚಿತ್ರ ಕನ್ನಡನಾಡಿನ ಯಾವ ಮನೆತನಕ್ಕೂ ಹೊಸದಲ್ಲ. ಪಟ್ಟಣಗಳಲ್ಲಿ ಅದೀಗ ಅಜ್ಜಿಯ ಕಾಲದ ನೆನಪು. ಹಳ್ಳಿಗಳ ಅನೇಕ ಅಡಿಗೆಮನೆಗಳಲ್ಲಿ ಇಂದಿಗೂ ದಿನದಿನದ ಸಂಗತಿ.

ನಂಜನಗೂಡು ತಾಲ್ಲೂಕಿನ ತಾಂಡ್ಯದಲ್ಲಿ ಇಂದು ಕೈಗಾರಿಕಾ ಪ್ರದೇಶವಿದೆ. ಕಾರ್ಖಾನೆಯೊಂದರಲ್ಲಿ ಬಾಯ್ಲರನ್ನು ಹೂಡಬೇಕಾದರೆ ಇಂಜಿನಿಯರರು ಮೊದಲು ಲೆಕ್ಕ ಹಾಕುತ್ತಾರೆ: ಉರುವಲೆಷ್ಟು, ಗಾಳಿಯೆಷ್ಟು, ಹೊಗೆಕೊಳವೆಯ ಎತ್ತರವೆಷ್ಟು? ಆದರೆ ಮೂರು ಹೊತ್ತೂ ಉರಿಯುವ ಅಡಿಗೆಯ ಒಲೆಗೆ ಇಂಥ ಲೆಕ್ಕ ಬೇಕೆಂದು ಬಹುಕಾಲ ಯಾರಿಗೂ ತೋರಲಿಲ್ಲ.

ನಮ್ಮ ನಾಡಿನಲ್ಲಿ ಈ ಲೆಕ್ಕವನ್ನು ಕೈಗೆತ್ತಿಕೊಂಡುದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರ. ಅಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಘಟಕ ಹುಟ್ಟಿತು. ಹಳ್ಳಿಯ ಬಾಳಿಗೆ ವಿಜ್ಞಾನವನ್ನು ಅನ್ವಯಿಸುವುದು ಅದರ ಗುರಿ. ಕುಣಿಗಲ್ ತಾಲ್ಲೂಕಿನ ಪುರ ಮೊದಲಾದ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ವಿಚಾರಿಸಿದಾಗ, ಊರು ಬಳಸುವ ಶಕ್ತಿಯ ಬಹುಪಾಲು ಸೌದೆಯಿಂದ ಬರುವುದೆಂದೂ ಆ ಸೌದೆಯ ಬಹುಪಾಲು ಅಡಿಗೆಗೇ ಉರಿಯುವುದೆಂದೂ ತಿಳಿದುಬಂತು. ಅದನ್ನು ಆಯ್ದು ತರುವ ಹೊರೆಯಲ್ಲಿ ಹೆಂಗಸರ ಮತ್ತು ಮಕ್ಕಳ ಪಾಲು ದೊಡ್ಡದು. ಇಷ್ಟು ಬೆವರು ಸುರಿಸಿ ತಂದ ಸೌದೆಯ ಕಾವಿನಲ್ಲಿ ಪಾತ್ರೆಗೆ ಸೇರುತ್ತಿದ್ದುದು ಹೆಚ್ಚೆಂದರೆ ಹತ್ತರಲ್ಲೊಂದು ಪಾಲು! ಉಳಿದುದೆಲ್ಲ ಗೋಡೆಗೆ, ಗಾಳಿಗೆ. ಹೊಗೆಯೋ, ಗೃಹಿಣಿಯ ಕಣ್ಣಿಗೆ ಮತ್ತು ಎದೆಗೆ.

1980ರ ದಶಕದ ಆರಂಭದಲ್ಲಿ ಕೆ. ಎಸ್. ಜಗದೀಶ್, ಸ್ವಾತಿ ಭೋಗ್ಲೆ ಮೊದಲಾದವರ ಶ್ರಮದಿಂದ ‘ಅಸ್ತ್ರ ಒಲೆ’ ರೂಪುಗೊಂಡಿತು. ನೋಟಕ್ಕೆ ಅದು ಮಣ್ಣಿನ ಒಲೆಯೇ, ಗುಟ್ಟೆಲ್ಲ ಒಳಗಿದೆ. ಸೌದೆ ನೆಲದ ಮೇಲಲ್ಲದೆ ಕಬ್ಬಿಣದ ಜಾಲರಿಯ ಮೇಲೆ ಉರಿಯುವುದರಿಂದ ಗಾಳಿ ಕೆಳಗಿನಿಂದ ನುಗ್ಗುತ್ತದೆ. ಉರಿಯ ಗೂಡು ಮುಚ್ಚಿರುವುದರಿಂದ ಕಾವು ಚೆಲ್ಲುವುದಿಲ್ಲ. ಮೊದಲ ಪಾತ್ರೆಯನ್ನು ಕಾಯಿಸಿದ ಬಿಸಿಗಾಳಿ ಎರಡನೆಯದರ, ಮೂರನೆಯದರ ತಳವನ್ನು ಸವರಿಕೊಂಡು ಹೊಗೆಕೊಳವೆಯ ಹಾದಿ ಹಿಡಿಯುತ್ತದೆ. ಬಿಸಿಗಾಳಿ ಹಗುರವಾದುದರಿಂದ ತಾನಾಗಿ ಮೇಲೇರಿ, ತನ್ನ ಹಿಂದೆ ಹೊಸ ಗಾಳಿಯನ್ನು ಸೆಳೆಯುತ್ತದೆ. ಊದುಗೊಳವೆ ಮೂಲೆ ಸೇರುತ್ತದೆ. ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಕಾವಿನ ಮೂರರಲ್ಲೊಂದು ಪಾಲಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಪಾತ್ರೆಗಳಿಗೆ ದಕ್ಕಿತು.

ಹೀಗಿದ್ದೂ ಪ್ರಯೋಗಶಾಲೆಯಲ್ಲಿ ಗೆದ್ದ ಒಲೆ ಅಡಿಗೆಮನೆಯಲ್ಲಿ ಮತ್ತೊಮ್ಮೆ ಗೆಲ್ಲಬೇಕಾಗಿತ್ತು. ಜಾಲರಿಯಿಂದ ಪಾತ್ರೆಗಿರುವ ಅಂತರ, ಕೊಳವೆಯ ಅಗಲ ಇವೆಲ್ಲ ಅಳತೆಗೆ ಸರಿಯಾಗಿರಬೇಕು. ಅಚ್ಚಿಲ್ಲದೆ ಕೈಯಂದಾಜಿನಿಂದ ಕಟ್ಟಿದರೆ ಹೊಗೆ ಮತ್ತೆ ಒಳಕ್ಕೇ ತಿರುಗುತ್ತದೆ. ಕೊಳವೆಯ ಮಸಿಯನ್ನು ಆಗಾಗ ತೆಗೆಯಬೇಕು. ದಪ್ಪ ಕೊರಡನ್ನು ಸೀಳಬೇಕು. 1983ರ ಸುಮಾರಿಗೆ ಆರಂಭವಾಗಿ 2002ರವರೆಗೆ ನಡೆದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಬಗೆಬಗೆಯ ಒಲೆಗಳು ಮೂರು ಕೋಟಿಗೂ ಮಿಕ್ಕಿ ಮನೆಗಳನ್ನು ಸೇರಿದವು. ಅವುಗಳಲ್ಲಿ ಬಹಳಷ್ಟು ದುರಸ್ತಿಯಿಲ್ಲದೆ ಮೂಲೆಗೆ ಬಿದ್ದವು. ಎಷ್ಟು ಒಲೆ ಹಾಕಿದರೆಂಬ ಲೆಕ್ಕ ಕಡತದಲ್ಲಿ ಉಳಿಯಿತು. ಎಷ್ಟು ಒಲೆ ಉರಿಯುತ್ತಿವೆಯೆಂದು ವಿಚಾರಿಸುವವರು ವಿರಳವಾದರು.

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಬಡವರ ಮನೆಗೂ ಗ್ಯಾಸು ಬಂದಿದೆ. ಆದರೂ ಸಿಲಿಂಡರು ಮುಗಿದಾಗ, ಸ್ನಾನಕ್ಕೆ ನೀರು ಕಾಯಿಸುವಾಗ, ದೊಡ್ಡ ಸಂಸಾರಕ್ಕೆ ಮುದ್ದೆ ಬೇಯಿಸುವಾಗ ಅನೇಕರು ಸೌದೆಗೇ ಮರಳುತ್ತಾರೆ. ಆದುದರಿಂದ ಒಳ್ಳೆಯ ಒಲೆಯ ಕೆಲಸ ಮುಗಿದಿಲ್ಲ. ಅದನ್ನು ಕಟ್ಟುವವನಿಗೆ ಗಾಳಿಯ ಲೆಕ್ಕ ತಿಳಿದಿರಬೇಕು. ಜೊತೆಗೆ ಆ ಮನೆಯ ಮುದ್ದೆಯ ಪಾತ್ರೆ ಎಷ್ಟು ಅಗಲವೆಂಬುದನ್ನು ಅದನ್ನು ತೊಳಸುವಾಕೆಯಿಂದಲೇ ಕೇಳಿ ತಿಳಿಯಬೇಕು.