ಬಿಷಪ್ಪರಿಲ್ಲದ ಸಭೆಗೆ ಬಿಷಪ್ಪರು ಬಂದ ಬಗೆ

ನಿಜಾಮರಿಂದ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದು ದಂಡಿನ ಊರಾಗಿ ಬೆಳೆಯುತ್ತಿದ್ದ ಬಳ್ಳಾರಿಗೆ, ಮುಂದೆ ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದಾಗ, ಇಂಥದೇ ಸ್ವರೂಪದ ಚರ್ಚನ್ನು ಕಟ್ಟಬೇಕೆಂಬ ಕಟ್ಟಳೆ ಅವರ ಮೇಲಿರಲಿಲ್ಲ. ಅವರನ್ನು ಕಳುಹಿಸಿದ ಲಂಡನ್ ಮಿಷನರಿ ಸೊಸೈಟಿಯು 1795ರಲ್ಲಿ ಸ್ಥಾಪನೆಯಾದ ಮರುವರ್ಷವೇ, ಯಾವುದೇ ಪಂಥದ ಆಡಳಿತಪದ್ಧತಿಯನ್ನು ಹೊರನಾಡಿಗೆ ಒಯ್ಯಕೂಡದು, ಸುವಾರ್ತೆಯನ್ನಷ್ಟೇ ಸಾರಬೇಕು, ಸಭೆಯ ವ್ಯವಸ್ಥೆ ಹೇಗಿರಬೇಕೆಂಬುದನ್ನು ನಂಬಿದವರೇ ತೀರ್ಮಾನಿಸಿಕೊಳ್ಳಲಿ ಎಂಬ ಮೂಲತತ್ತ್ವವನ್ನು ಅಂಗೀಕರಿಸಿತ್ತು. ಚರ್ಚು ಎಂದರೇನು ಎಂಬ ಪ್ರಶ್ನೆಗೆ ಉತ್ತರ ಕೊಡದೆ ಬಿಟ್ಟ ಈ ನಿಲುವು ಉದಾರವಾಗಿ ಕಂಡರೂ, ಆಚರಣೆಯಲ್ಲಿ ಅದು ಅಷ್ಟೇನೂ ತಟಸ್ಥವಾಗಿರಲಿಲ್ಲ.

ಆ ಸಂಸ್ಥೆಯ ಬಹುಪಾಲು ಬೋಧಕರು ಕಾಂಗ್ರಿಗೇಷನಲ್ ಪಂಥದವರು. ಅಂದರೆ ಕ್ರಿಸ್ತನ ಹೆಸರಿನಲ್ಲಿ ಒಂದು ಊರಿನಲ್ಲಿ ಕೂಡುವ ವಿಶ್ವಾಸಿಗಳ ಸಮೂಹವೇ ಸ್ವಯಂಪೂರ್ಣ ಚರ್ಚು, ಅದಕ್ಕೆ ತನ್ನ ಸಭಾಪಾಲಕನನ್ನು ತಾನೇ ಆರಿಸಿಕೊಳ್ಳುವ ಅಧಿಕಾರವಿದೆ, ಅದರ ಮೇಲೆ ಬಿಷಪ್ಪರ ಅಗತ್ಯವಿಲ್ಲ ಎಂದು ನಂಬಿದವರು. ವಾಕ್ಯಬೋಧನೆ, ದೀಕ್ಷಾಸ್ನಾನ, ಪ್ರಭುಭೋಜನ (ಕ್ರಿಸ್ತನ ಮರಣವನ್ನು ಸ್ಮರಿಸಿ ರೊಟ್ಟಿ ಹಾಗೂ ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ) ಇವಿದ್ದಲ್ಲಿ ಚರ್ಚು ಇದೆ ಎಂಬ ಈ ತಿಳಿವಳಿಕೆಯಲ್ಲಿ ಗ್ರಂಥಕ್ಕೇ ಅಗ್ರಸ್ಥಾನವಿದ್ದುದರಿಂದ, ಹ್ಯಾಂಡ್ಸ್ ಮತ್ತು ನಿಘಂಟುಕಾರ ವಿಲಿಯಂ ರೀವ್ ಅವರಂಥವರು ಭಾಷೆ, ಅನುವಾದ, ಮುದ್ರಣಗಳಿಗೆ ಅಷ್ಟೊಂದು ವರ್ಷಗಳನ್ನು ಮೀಸಲಿಟ್ಟುದು ಸಹಜವೇ ಆಗಿತ್ತು.

ಆದರೆ ಪ್ರತಿ ಊರಿನ ಸಭೆಯೂ ಸ್ವಯಂಪೂರ್ಣವಾದರೆ ಕ್ರಿಸ್ತನ ದೇಹ ಒಂದೇ ಎಂಬ, ಬೈಬಲಿನಲ್ಲಿರುವ ಪೌಲನ ಮಾತಿಗೆ ಅರ್ಥವೇನು? ಈ ತೊಡಕನ್ನು ಬಿಡಿಸುವ ಯತ್ನವಾಗಿ 1908ರಲ್ಲಿ ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ (ಹಿರಿಯರ ಮಂಡಳಿಗಳ ಆಡಳಿತವುಳ್ಳ) ಸಭೆಗಳು ಸೌತ್ ಇಂಡಿಯಾ ಯುನೈಟೆಡ್ ಚರ್ಚ್ ಆಗಿ ಕೂಡಿಕೊಂಡವು. 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ, ಬಹುತೇಕ ಭಾರತೀಯರೇ ಆಗಿದ್ದ ಪಾದ್ರಿಗಳು ಬಿಷಪ್ಪರ ಆಡಳಿತವುಳ್ಳ ಆಂಗ್ಲಿಕನ್ನರೊಡನೆಯೂ ಐಕ್ಯ ಬೇಕೆಂದು ಕರೆಕೊಟ್ಟಾಗ, ಹಳೆಯ ಪ್ರಶ್ನೆ ಮತ್ತೆ ಎದ್ದಿತು: ಬಿಷಪ್ ಪದವಿ ಚರ್ಚಿನ ಅಸ್ತಿತ್ವಕ್ಕೇ ಅನಿವಾರ್ಯವೋ, ಅದರ ಸುವ್ಯವಸ್ಥೆಗಷ್ಟೇ ಬೇಕಾದದ್ದೋ? ಮೂರು ದಶಕಗಳಿಗೆ ಸಮೀಪದ ಮಾತುಕತೆಯ ಬಳಿಕ, 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಮೆಥಡಿಸ್ಟರೂ ಸೇರಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಉದಯಿಸಿತು. ಬಿಷಪ್ಪರನ್ನು ಒಪ್ಪಿಕೊಂಡರೂ ಆ ಪದವಿಗೆ ಒಂದೇ ವ್ಯಾಖ್ಯಾನವನ್ನು ಹೇರದೆ, ಹಳೆಯ ಸಭಾಪಾಲಕರಿಗೆ ಮತ್ತೆ ಪಾದ್ರಿಪಟ್ಟದ ದೀಕ್ಷೆಯನ್ನು ವಿಧಿಸದೆ ಮುಂದುವರಿದದ್ದು ಈ ಐಕ್ಯದ ನಿಜವಾದ ಜಾಣ್ಮೆ.

1953ರಲ್ಲಿ ಈ ಸಭೆಯ ಮದುರೆ-ರಾಮನಾಡಿನ ಬಿಷಪ್ ಲೆಸ್ಲಿ ನ್ಯೂಬಿಗಿನ್ ‘ದಿ ಹೌಸ್‌ಹೋಲ್ಡ್ ಆಫ್ ಗಾಡ್’ ಕೃತಿಯಲ್ಲಿ, ಚರ್ಚು ತನಗಾಗಿ ಇರುವುದಲ್ಲ, ಲೋಕದತ್ತ ಕಳುಹಿಸಲ್ಪಟ್ಟದ್ದು ಎಂದು ವಾದಿಸಿದರು.

ಚರ್ಚು ಎಂದರೇನು ಎಂಬ ಪ್ರಶ್ನೆಗೆ ಬಳ್ಳಾರಿಯಲ್ಲೇ ಮತ್ತೊಂದು ಉತ್ತರವೂ ಇದೆ. 1949ರಲ್ಲಿ ಧರ್ಮಪ್ರಾಂತ್ಯವಾದ ಇಲ್ಲಿನ ಕಥೋಲಿಕ ಸಭೆಯ ಪ್ರಕಾರ, ಪ್ರೇಷಿತರಿಂದ (ಯೇಸುವಿನ ಮೊದಲ ನಿಯೋಗಿಗಳಿಂದ) ಇಳಿದುಬಂದ ಬಿಷಪ್ಪರ ಪರಂಪರೆಯೂ ಪೋಪ್ ಅವರೊಂದಿಗಿನ ಅನ್ಯೋನ್ಯತೆಯೂ ಚರ್ಚಿನ ಸ್ವರೂಪಕ್ಕೇ ಸೇರಿದವು. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಚರ್ಚನ್ನು ‘ದೇವಜನ’ ಎಂದು ಬಣ್ಣಿಸಿ ಶ್ರೀಸಾಮಾನ್ಯ ವಿಶ್ವಾಸಿಗಳ ಪಾಲನ್ನು ಎತ್ತಿಹಿಡಿದರೂ ಆ ಮೂಲನಂಬಿಕೆ ಬದಲಾಗಲಿಲ್ಲ. ಆದ್ದರಿಂದಲೇ ಸಿಎಸ್‌ಐ ಸಭೆಯ ದೀಕ್ಷಾಸ್ನಾನವನ್ನು ಕಥೋಲಿಕರು ಮಾನ್ಯ ಮಾಡಿದರೂ, ಪ್ರಭುಭೋಜನದ ಪೀಠಗಳು ಮಾತ್ರ ಇಂದಿಗೂ ಬೇರೆಬೇರೆಯಾಗಿಯೇ ಇವೆ.