ಕೆಳಗಿನ ಬಾಗಿಲು ತಾನೇ ತೆರೀತದ, ಮ್ಯಾಲಿನ ಝಾಕಣಕ್ಕೆ ಮನುಷ್ಯನೇ ಬೇಕು!

ಸೊಲ್ಲಾಪುರ: ಹೊಟಗಿ ಜಂಕ್ಷನ್‌ನಲ್ಲಿ ವಿಜಯಪುರದ ಗಾಡಿಗೆ ಕಾಯುತ್ತ ಕುಳಿತವರಿಗೆ ಹೊತ್ತು ಕಳೆಯಲು ಗೂಡ್ಸ್ ಗಾಡಿಗಳೇ ಗತಿ. ಕಲ್ಲಿದ್ದಲಿನ ಡಬ್ಬಿ ಎಷ್ಟು, ಸಿಮೆಂಟಿನ ಡಬ್ಬಿ ಎಷ್ಟು ಅಂತ ಎಣಿಸುತ್ತ ಕೂಡ್ರುವ ಹುಡುಗರು ಇಂದಿಗೂ ಸಿಗುತ್ತಾರೆ. ಈ ಭಾಗದಲ್ಲಿ ವ್ಯಾಗನ್‌ಗೆ ಡಬ್ಬಿ ಅಂತಲೇ ಹೆಸರು. ಅದರ ಮುಚ್ಚಳಕ್ಕೆ ಮರಾಠಿಯಿಂದ ಬಂದ ‘ಝಾಕಣ’. ಹ್ಯಾಚ್ ಕವರ್ ಅನ್ನುವ ಇಂಗ್ಲಿಷ್ ಮಾತು ಸಾಹೇಬರ ಕಾಗದದಲ್ಲಿ ಮಾತ್ರ.

ಡಬ್ಬಿಗಳ ಚಕ್ರ, ಬ್ರೇಕು, ಬಾಗಿಲುಗಳ ಬಗ್ಗೆ ಸಾಕಷ್ಟು ಚರ್ಚೆ ನಡೆಯುತ್ತದೆ. ಝಾಕಣದ ಮಾತು ಯಾರೂ ಎತ್ತುವುದಿಲ್ಲ. ಅದು ತೆರೆಯುವುದು, ಮುಚ್ಚುವುದು ಎಲ್ಲ ನೆತ್ತಿಯ ಮೇಲೆ ನಡೆಯುವ ಕೆಲಸ, ಪ್ಲಾಟ್‌ಫಾರ್ಮಿನ ಮೇಲೆ ನಿಂತವರಿಗೆ ಕಾಣಿಸುವುದೇ ಇಲ್ಲ. ಆದರೆ ಈಗ ಆ ನೆತ್ತಿಯ ಮೇಲೆ ಇನ್ನೊಂದು ವಸ್ತು ಬಂದು ಕೂತಿದೆ: 25 ಸಾವಿರ ವೋಲ್ಟಿನ ತಂತಿ.

ಹಗೇವಿನ ಬಾಯಿ ಇದ್ದಂತೆ

ನಮ್ಮ ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವು ನೆನಪಿದೆಯೇ? ಅಕ್ಕಲಕೋಟ, ಇಂಡಿ, ಆಳಂದ ಸೀಮೆಯ ಹಳೇ ವಾಡೆಗಳಲ್ಲಿ ಈಗಲೂ ಅದರ ಗುರುತು ಸಿಗುತ್ತದೆ. ಮೇಲೆ ಸಣ್ಣ ಬಾಯಿ, ಒಳಗೆ ದೊಡ್ಡ ಹೊಟ್ಟೆ. ತುಂಬುವುದು ಮೇಲಿಂದ. ತುಂಬಿದ ಮೇಲೆ ಬಾಯಿಗೆ ಹಾಸುಗಲ್ಲು ಎಳೆದು, ಸಂದಿಗೆ ಮಣ್ಣು ಮೆತ್ತಿ ಭದ್ರ ಮಾಡುತ್ತಿದ್ದರು. ಒಂದು ಹನಿ ನೀರು ಇಳಿದರೂ ಜೋಳ ಕೆಟ್ಟಿತು.

ಹಿಟ್ಟಿನಂಥ ಸರಕು ಸಾಗಿಸುವ ಡಬ್ಬಿಯೂ ಗಾಲಿ ಹಚ್ಚಿದ ಹಗೇವೇ. ಚೀಲವಿಲ್ಲದ ಸಿಮೆಂಟು, ಹಾರುಬೂದಿ, ಅಲ್ಯುಮಿನಾ ಪುಡಿ, ಕೆಲವೆಡೆ ಗೋಧಿ ಕೂಡ ಹೀಗೆ ಸಾಗುತ್ತದೆ. ಮೇಲಿನ ಬಾಯಿಯಿಂದ ಕೊಳವೆ ಇಳಿಸಿ ತುಂಬುತ್ತಾರೆ, ಝಾಕಣ ಹಾಕಿ ಬೋಲ್ಟು ಬಿಗಿಯುತ್ತಾರೆ. ಊರು ಮುಟ್ಟಿದ ಮೇಲೆ ಕೆಳಗಿನಿಂದ ಖಾಲಿ ಮಾಡುತ್ತಾರೆ. ಸಿಮೆಂಟು, ಬೂದಿಯ ಡಬ್ಬಿಯೊಳಗೆ ಒತ್ತಡದ ಗಾಳಿ ಊದಿದರೆ ಪುಡಿ ನೀರಿನ ಹಾಗೆ ಹರಿದು ಕೊಳವೆಯ ಗುಂಟ ಸೈಲೋ ಸೇರುತ್ತದೆ. ಗಾಳಿ ಊದುವಾಗ ಝಾಕಣದ ರಬ್ಬರು ಪಟ್ಟಿ ಸರಿಯಾಗಿ ಕೂತಿರದಿದ್ದರೆ ಅಲ್ಲಿಂದಲೇ ಬೂದಿ ಬುಸ್ ಎನ್ನುತ್ತದೆ. ಹೀಗಾಗಿ ಝಾಕಣ ಅನ್ನುವುದು ಬರೀ ಮಳೆಗೆ ಅಡ್ಡ ಇಡುವ ತಗಡಲ್ಲ.

ಇಳಿಸುವ ಕೆಲಸ ಸಲೀಸಾಯಿತು

ಇಳಿಸುವ ವಿಷಯದಲ್ಲಿ ರೈಲ್ವೆ ಬಹಳ ಮುಂದೆ ಹೋಗಿದೆ. ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಫತಾಟೆವಾಡಿ, ಆಹೇರವಾಡಿ ಸೀಮೆಯ ಎನ್‌ಟಿಪಿಸಿ ಸ್ಥಾವರವನ್ನೇ ತಗೊಳ್ಳಿ. 660 ಮೆಗಾವಾಟಿನ ಎರಡು ಘಟಕ, ಮೊದಲನೆಯದು 2017ರಲ್ಲಿ, ಎರಡನೆಯದು 2019ರಲ್ಲಿ ವಾಣಿಜ್ಯ ಉತ್ಪಾದನೆಗೆ ಇಳಿದವು. ಇಂಥ ಸ್ಥಾವರ ಪೂರ್ತಿ ಓಡಿದರೆ ದಿನಕ್ಕೆ ಸುಮಾರು ಇಪ್ಪತ್ತು ಸಾವಿರ ಟನ್ ಕಲ್ಲಿದ್ದಲು ನುಂಗುತ್ತದೆ. ಒಂದು ರೇಕಿಗೆ ನಾಲ್ಕು ಸಾವಿರ ಟನ್ ಅಂತ ಹಿಡಿದರೂ ಐದು ರೇಕು ಬೇಕು. ಸಲಿಕೆ ಹಿಡಿದು ಇಳಿಸುವ ಮಾತೇ ಇಲ್ಲ.

ಅದಕ್ಕೆಂದೇ ದೊಡ್ಡ ವಿದ್ಯುತ್ ಸ್ಥಾವರಗಳಿಗೆ ಬಿಒಬಿಆರ್ ಜಾತಿಯ ಡಬ್ಬಿ ಬಂತು. ಇದರ ಹೊಟ್ಟೆಯ ಕೆಳಗೆ ಬಾಗಿಲು, ಬಾಗಿಲಿಗೆ ಗಾಳಿಯ ಸಿಲಿಂಡರು. ಗಾಡಿ ಹಳಿ ಕೆಳಗಿನ ಹೊಂಡದ ಮೇಲೆ ಬರುತ್ತಿದ್ದಂತೆ ಹಳಿ ಪಕ್ಕದ ಸಾಧನ ಒಂದು ಸನ್ನೆ ತಟ್ಟುತ್ತದೆ. ಬಾಗಿಲು ತೆರೆದು ಅರವತ್ತು ಟನ್ನಿನ ಆಸುಪಾಸು ಕಲ್ಲಿದ್ದಲು ನೋಡನೋಡುತ್ತಿದ್ದಂತೆ ದಬದಬ ಇಳಿಯುತ್ತದೆ. ಯಾರೂ ಮುಟ್ಟಬೇಕಿಲ್ಲ. ಸಾದಾ ತೆರೆದ ಡಬ್ಬಿಯಾದರೆ ಟಿಪ್ಲರ್ ಯಂತ್ರ ಇಡೀ ಡಬ್ಬಿಯನ್ನೇ ಚೆಂಬಿನಂತೆ ಹೊರಳಿಸಿ ಬಗ್ಗಿಸುತ್ತದೆ.

ಕಲ್ಲಿದ್ದಲಿನ ಡಬ್ಬಿಗೆ ಝಾಕಣವಿಲ್ಲ, ಗೋಳೂ ಇಲ್ಲ. ಗೋಳು ಶುರುವಾಗುವುದು ಉರಿದ ಮೇಲೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಬೂದಿಯೇ. ಸ್ಥಾವರಗಳು ಆ ಬೂದಿಯನ್ನು ಪೂರ್ತಿ ಬಳಕೆಗೆ ಕೊಡಲೇಬೇಕೆಂದು ಕೇಂದ್ರ ಪರಿಸರ ಸಚಿವಾಲಯ 2021ರ ಡಿಸೆಂಬರ್ 31ರಂದು ಅಧಿಸೂಚನೆ ಹೊರಡಿಸಿತು. ಬೂದಿಗೆ ದೊಡ್ಡ ಗಿರಾಕಿ ಅಂದರೆ ಸಿಮೆಂಟ್ ಕಾರ್ಖಾನೆ. ಹೊಟಗಿ ಬದಿಯಲ್ಲಿ ಸಿಮೆಂಟು ಅರೆಯುವ ಘಟಕಗಳಿವೆ. ಗಡಿ ದಾಟಿದರೆ ಶಹಾಬಾದ, ವಾಡಿ, ಮಳಖೇಡ, ಸೇಡಂ ಅಂತ ಸುಣ್ಣಕಲ್ಲಿನ ಸೀಮೆಯೇ ಇದೆ. ಬೂದಿ ಹತ್ತಿರದ ದಾರಿಗೆ ಬಲ್ಕರ್ ಲಾರಿಯಲ್ಲಿ ಹೋಗುತ್ತದೆ. ದೂರಕ್ಕೆ ರೈಲಿನಲ್ಲಿ ಕಳಿಸಬೇಕೆಂದರೆ ತೆರೆದ ಡಬ್ಬಿಗೆ ತುಂಬಿ ತಾಡಪತ್ರಿ ಬಿಗಿಯಬೇಕು, ಇಲ್ಲವೇ ಝಾಕಣದ ಡಬ್ಬಿ ಬೇಕು. ತಾಡಪತ್ರಿ ಕಟ್ಟುವುದೂ ಮೇಲೆ ಹತ್ತಿಯೇ ಅನ್ನುವುದನ್ನು ಮರೆಯಬಾರದು.

ಒಂದೂವರೆ ಮೀಟರಿನ ಲೆಕ್ಕ

ಝಾಕಣ ತೆಗೆಯುವವನ ಕೆಲಸ ಹೇಗಿರುತ್ತದೆ? ಡಬ್ಬಿಯ ಮೂಲೆಯ ಕಬ್ಬಿಣದ ಏಣಿ ಹಿಡಿದು ಹತ್ತಬೇಕು. ಬಿಸಿಲುಗಾಲದಲ್ಲಿ ಸೊಲ್ಲಾಪುರದ ಬಿಸಿಲೆಂದರೆ ಹೇಳುವುದೇ ಬೇಡ, ಏಣಿ ಕಾದು ಕೆಂಡ. ಮಳೆಗಾಲದಲ್ಲಿ ಬೂದಿ, ಸಿಮೆಂಟು ನೀರಿಗೆ ಕಲಸಿ ಕಾಲಿಟ್ಟಲ್ಲಿ ಜಾರುತ್ತದೆ. ಮೇಲೆ ಬಗ್ಗಿ ಕೂತು ನಟ್ಟು ಸಡಿಲಿಸಬೇಕು. ಸಿಮೆಂಟಿನ ಡಬ್ಬಿಯಾದರೆ ಹಿಂದಿನ ಸಲ ಚೆಲ್ಲಿದ ಪುಡಿ ಇಬ್ಬನಿಗೆ ಗಟ್ಟಿಯಾಗಿ ಝಾಕಣದ ಅಂಚಿಗೆ ಕಲ್ಲಾಗಿ ಕೂತಿರುತ್ತದೆ. ಹಾರೆ ಹಾಕಿ ಎತ್ತಬೇಕು, ಸುತ್ತಿಗೆಯಲ್ಲಿ ಬಡಿಯಬೇಕು. ಒಂದು ಡಬ್ಬಿ ಮುಗಿದರೆ ಮುಂದಿನದು. ಸೈಡಿಂಗಿನಲ್ಲಿ ರೇಕು ನಿಂತಷ್ಟು ಹೊತ್ತಿಗೂ ಗಡುವು, ಮೀರಿದರೆ ಡೆಮರೇಜ್. ಹೀಗಾಗಿ ‘ಲಗು ಲಗು’ ಅನ್ನುವ ಒತ್ತಾಯ ಬೇರೆ.

ಡೀಸೆಲ್ ಎಂಜಿನ್ನಿನ ಕಾಲದಲ್ಲಿ ಇಲ್ಲಿ ಇದ್ದದ್ದು ಬೀಳುವ ಭಯ ಒಂದೇ. ಈಗ ಹಾಗಿಲ್ಲ. 2023ರ ಫೆಬ್ರುವರಿಯಲ್ಲಿ ಸೊಲ್ಲಾಪುರ ವಿಭಾಗದ್ದೇ ಆದ ಔಸಾ ರೋಡ್–ಲಾತೂರ ರೋಡ್ ತುಂಡು ಮುಗಿಯುವುದರೊಂದಿಗೆ ಮಧ್ಯ ರೈಲ್ವೆಯ ಬ್ರಾಡ್‌ಗೇಜ್ ದಾರಿಯೆಲ್ಲ ವಿದ್ಯುದೀಕರಣವಾಯಿತು. ಹೊಟಗಿ, ತಿಲಾಟಿ, ಅಕ್ಕಲಕೋಟ ರೋಡ್, ದುಧನಿ ಎಲ್ಲ ಸ್ಟೇಷನ್ನುಗಳ ನೆತ್ತಿಯ ಮೇಲೂ ತಂತಿ ಬಂತು. ಒಳ್ಳೆಯದೇ. ಹೊಗೆ ಕಮ್ಮಿಯಾಯಿತು, ಎಣ್ಣೆ ಉಳಿಯಿತು.

ಆದರೆ ಲೆಕ್ಕ ಹಾಕಿ ನೋಡ್ರಿ. ತಂತಿ ಹಳಿಯಿಂದ ಸಾಮಾನ್ಯವಾಗಿ ಐದೂವರೆ ಮೀಟರಿನ ಆಸುಪಾಸು ಎತ್ತರದಲ್ಲಿರುತ್ತದೆ. ಮುಚ್ಚಿದ ಡಬ್ಬಿಯ ಛಾವಣಿ ನಾಲ್ಕು ಮೀಟರಿನ ಸುತ್ತಮುತ್ತ. ನಡುವೆ ಉಳಿಯುವುದು ಒಂದೂವರೆ ಮೀಟರು. ನಮ್ಮ ಕಡೆಯ ಗಂಡಾಳಿನ ಎತ್ತರ ಅದಕ್ಕಿಂತ ಹೆಚ್ಚು. ಮೇಲಾಗಿ 25 ಸಾವಿರ ವೋಲ್ಟು ಮುಟ್ಟುವ ತನಕ ಕಾಯುವುದಿಲ್ಲ, ಹತ್ತಿರ ಹೋದರೇ ಹಾರಿ ಹಿಡಿಯುತ್ತದೆ. ಸೆಲ್ಫಿ ಹುಚ್ಚಿಗೆ ಗೂಡ್ಸ್ ಡಬ್ಬಿ ಹತ್ತಿದ ಹುಡುಗರು ದೇಶದ ನಾನಾ ಕಡೆ ಸುಟ್ಟುಹೋದದ್ದು ಇದಕ್ಕೇ. ಕರೆಂಟ್ ಬಂದ್ ಮಾಡಿಸಿ, ಲಿಖಿತ ಪರವಾನಿಗಿ ಪಡೆಯದೆ ತಂತಿಯ ಎರಡು ಮೀಟರ್ ಒಳಗೆ ಕೆಲಸ ಮಾಡಕೂಡದು ಅನ್ನುವುದು ರೈಲ್ವೆಯ ನಿಯಮ. ಅಂದರೆ ತಂತಿಯ ಕೆಳಗೆ ನಿಂತ ಡಬ್ಬಿಯ ಮೇಲೆ ಬಗ್ಗಿ ಕೂತರೂ ನಿಯಮ ಮುರಿದಂತೆಯೇ.

ತುಂಬುವ ಕೊಳವೆಯ ಕೆಳಗೆ ತಂತಿ ಎಳೆಯುವುದಿಲ್ಲ ನಿಜ. ಅಲ್ಲಿ ಹಳಿ ಬರಿದಾಗಿಯೇ ಇರುತ್ತದೆ ಅಥವಾ ಸ್ವಿಚ್ಚು ತೆಗೆದು ಕರೆಂಟು ಕಡಿಯುತ್ತಾರೆ. ಆದರೆ ಐವತ್ತಕ್ಕೂ ಹೆಚ್ಚು ಡಬ್ಬಿಯ ರೇಕು ಅರ್ಧ ಕಿಲೋಮೀಟರ್ ಉದ್ದ. ತಲೆ ಕೊಳವೆಯ ಕೆಳಗಿದ್ದರೆ ಬಾಲ ಎಲ್ಲಿರುತ್ತದೆ? ‘ಮುಂಚೇನೇ ಝಾಕಣ ತೆಗೆದಿಟ್ಟರೆ ಹೊತ್ತು ಉಳೀತದ’ ಅಂತ ಯಾರಿಗಾದರೂ ಅನ್ನಿಸಿದರೆ ಅಲ್ಲೇ ಅಪಾಯ.

ತಾನೇ ತೆರೆಯುವ ಝಾಕಣ

ಇದಕ್ಕೆ ಮದ್ದಿಲ್ಲವೇ? ಇದೆ. ಅಮೆರಿಕ, ಕೆನಡಾದಲ್ಲಿ ಗೋಧಿ, ಪೊಟ್ಯಾಷ್ ಹೊರುವ ಡಬ್ಬಿಗಳಿಗೆ ನೆತ್ತಿಯುದ್ದಕ್ಕೂ ಒಂದೇ ಉದ್ದನೆಯ ಬಾಯಿ ಇರುತ್ತದೆ. ಅದರ ಝಾಕಣವನ್ನು ಗಾಡಿ ನಡೆಯುತ್ತಿರುವಾಗಲೇ ತೆರೆದು ಮುಚ್ಚುವ ಸಾಧನಗಳಿಗೆ ಅಲ್ಲಿ ಹಲವು ಪೇಟೆಂಟುಗಳಾಗಿವೆ. ಉಪಾಯ ಸರಳ. ಝಾಕಣದ ಒಂದು ಬದಿಗೆ ಕೀಲು, ಇನ್ನೊಂದು ಬದಿಗೆ ಸಣ್ಣ ಗಾಲಿ. ಕೊಳವೆಗೆ ಮುಂಚೆ ಹಳಿ ಪಕ್ಕದ ಕಂಬದಿಂದ ಇಳಿಜಾರಿನ ಕಬ್ಬಿಣದ ಪಟ್ಟಿ ಚಾಚಿರುತ್ತದೆ. ಗಾಡಿ ಮನುಷ್ಯನ ನಡಿಗೆಗಿಂತ ನಿಧಾನ ತೆವಳುವಾಗ ಗಾಲಿ ಆ ಪಟ್ಟಿ ಏರುತ್ತದೆ. ಮೊದಲು ಚಿಲಕ ಸಡಿಲ, ಆಮೇಲೆ ಝಾಕಣ ಮೇಲಕ್ಕೆ, ಆಮೇಲೆ ಮಗ್ಗುಲಿಗೆ. ತುಂಬಿ ಮುಂದೆ ಸರಿದಾಗ ಇನ್ನೊಂದು ಪಟ್ಟಿ ಅದನ್ನು ವಾಪಸ್ ಕೂರಿಸಿ ಅದುಮುತ್ತದೆ. ಚಿಲಕ ನಮ್ಮ ಮೊಣಕಾಲಿನ ಹಾಗೆ, ನೆಟ್ಟಗಾಗಿ ತುಸು ಆಚೆ ದಾಟಿತೆಂದರೆ ತಾನಾಗಿ ಬಿಚ್ಚುವುದಿಲ್ಲ. ಮೋಟಾರಿಲ್ಲ, ಕರೆಂಟಿಲ್ಲ, ಗಾಡಿಯ ಚಲನೆಯೇ ಶಕ್ತಿ. ಗಾಳಿ ಸಿಲಿಂಡರಿನಿಂದ ಎತ್ತುವ ಜಾತಿಯೂ ಉಂಟು. ಜರ್ಮನಿಯ ಒಂದು ಬಗೆಯ ಡಬ್ಬಿಯಲ್ಲಂತೂ ಇಡೀ ಛಾವಣಿಯೇ ಹೊರಳುತ್ತದೆ. ತುದಿಯಲ್ಲಿ ನಿಂತು ಕೈಚಕ್ರ ತಿರುಗಿಸಿದರೆ ಆಯಿತು, ನೆತ್ತಿ ಹತ್ತುವ ಪ್ರಶ್ನೆಯೇ ಇಲ್ಲ. ನನಗೇನೋ ನಮ್ಮ ಧೂಳು, ನಮ್ಮ ದುರಸ್ತಿಗೆ ಈ ಕೈಚಕ್ರವೇ ವಾಸಿ ಅನ್ನಿಸುತ್ತದೆ.

ಒಂದು ವ್ಯತ್ಯಾಸ ಗಮನಿಸಬೇಕು. ಅಮೆರಿಕದ ಗೂಡ್ಸ್ ದಾರಿಗಳ ಮೇಲೆ ತಂತಿ ಇಲ್ಲವೆಂದರೂ ನಡೆಯುತ್ತದೆ, ಅಲ್ಲಿ ಡೀಸೆಲ್ಲೇ ರಾಜ. ಅವರು ಈ ಸಾಧನಗಳತ್ತ ಹೊರಳಿದ್ದು ಆಳು ಬೀಳದಿರಲಿ, ಹೊತ್ತು ಉಳಿಯಲಿ ಅಂತ. ಬರೀ ಬೀಳುವ ಭಯಕ್ಕೇ ಅಷ್ಟು ತಲೆ ಓಡಿಸಿದ್ದಾರೆಂದರೆ, ತಂತಿಯೂ ಇರುವ ನಮಗೆ ಇದು ಇನ್ನೆಷ್ಟು ಬೇಕು?

ಹಾಗಾದರೆ ಯಾಕೆ ಬಂದಿಲ್ಲ? ಯಂತ್ರ ಕಷ್ಟದ್ದಂತಲ್ಲ, ಯಾರ ಡಬ್ಬಿ ಯಾರ ಪಾಲಿಗೆ ಅನ್ನುವ ಗೊಂದಲ. ಇವತ್ತು ಸೊಲ್ಲಾಪುರಕ್ಕೆ ಬಂದ ಡಬ್ಬಿ ನಾಳೆ ಯಾವ ರಾಜ್ಯದಲ್ಲೋ. ಒಂದು ಸೈಡಿಂಗಿನಲ್ಲಿ ಪಟ್ಟಿ ನಿಲ್ಲಿಸಿದರೆ ಅಲ್ಲಿಗೆ ಬರುವ ಪ್ರತಿ ಡಬ್ಬಿಗೂ ಅದೇ ಅಳತೆಯ ಗಾಲಿ ಇರಬೇಕು. ಡಬ್ಬಿ ರೈಲ್ವೆಯದು, ಸೈಡಿಂಗು ಕಾರ್ಖಾನೆಯದು, ಮೇಲೆ ಹತ್ತುವ ಆಳು ಗುತ್ತಿಗೆದಾರನವನು. ಖರ್ಚು ಯಾರದು ಅಂತ ಕೇಳಿದರೆ ಮೂವರೂ ಬೇರೆ ಕಡೆ ನೋಡುತ್ತಾರೆ.

ಯಂತ್ರಕ್ಕೂ ಅದರದೇ ರೋಗಗಳಿವೆ ಅನ್ನಿ. ಝಾಕಣ ಡೊಂಕಾದರೆ, ಅಂಚಿಗೆ ಸಿಮೆಂಟು ಗಟ್ಟಿ ಹಿಡಿದಿದ್ದರೆ ಪಟ್ಟಿ ಅದುಮಿದರೂ ಪೂರ್ತಿ ಕೂರುವುದಿಲ್ಲ. ಅರೆಬರೆ ತೆರೆದ ಝಾಕಣದೊಂದಿಗೆ ಗಾಡಿ ಹೊರಟರೆ ಅದು ಎದ್ದು ತಂತಿಗೇ ಬಡಿಯಬಹುದು. ಹೀಗಾಗಿ ಪ್ರತಿ ಝಾಕಣ ಕೂತಿದೆಯೇ ಅಂತ ನೋಡಲು ಕ್ಯಾಮೆರಾವೋ ಸೆನ್ಸರೋ ಜೊತೆಗೆ ಬೇಕೇ ಬೇಕು.

ಒಂದೇ ರೇಕು ಎರಡು ಊರುಗಳ ನಡುವೆ ಹೋಗಿಬಂದು ಮಾಡುವಲ್ಲಿ ಮಾತ್ರ ಈ ಗೊಂದಲವಿಲ್ಲ. ಭಾರತೀಯ ಆಹಾರ ನಿಗಮ 2005ರಲ್ಲಿ ಅದಾನಿ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಪಂಜಾಬಿನ ಮೋಗಾದ ಸೈಲೋಗಳಿಂದ ಬೆಂಗಳೂರು, ಚೆನ್ನೈ, ಕೊಯಮತ್ತೂರಿಗೆ ಚೀಲವಿಲ್ಲದೆ ಗೋಧಿ ಸಾಗಿಸುವ ವ್ಯವಸ್ಥೆ ಕಟ್ಟಿತು. ಮೇಲೆ ತುಂಬಿ ಕೆಳಗೆ ಸುರಿಯುವ ಡಬ್ಬಿಗಳನ್ನು ಆ ದಾರಿಗೆಂದೇ ಮಾಡಿಸಿದರು. 2008ರ ಉದಾರೀಕೃತ ವ್ಯಾಗನ್ ಹೂಡಿಕೆ ಯೋಜನೆಯಲ್ಲಿ ಕಾರ್ಖಾನೆಗಳೇ ವಿಶೇಷ ಡಬ್ಬಿ ಕೊಳ್ಳಲು ರೈಲ್ವೆ ದಾರಿ ಮಾಡಿಕೊಟ್ಟಿತು. ಬೂದಿ ತುಂಬುವ ಜಾಗ ಗೊತ್ತು, ಇಳಿಸುವ ಜಾಗ ಗೊತ್ತು, ಡಬ್ಬಿಯೂ ಸ್ವಂತದ್ದು. ಇಂಥಲ್ಲಿಯಾದರೂ ಹೊಸ ಡಬ್ಬಿ ಮಾಡಿಸುವಾಗ ನೆಲದಿಂದಲೇ ತೆರೆಯುವ ಝಾಕಣ ಹಾಕಿಸಲು ಏನಡ್ಡಿ?

ಹೊಟಗಿ ಕಂಡ ಬದಲಾವಣೆ

ಯಂತ್ರ ಬಂದರೆ ಕೂಲಿ ಹೋಗುತ್ತದೆ ಅನ್ನುವ ಅಂಜಿಕೆ ಸುಳ್ಳಲ್ಲ. ಹೊಟಗಿಗೆ ಇದು ಹೊಸದೂ ಅಲ್ಲ. 1884ರಲ್ಲಿ ಹೊಟಗಿ–ಗದಗ ಮೀಟರ್‌ಗೇಜ್ ದಾರಿ ಬಂದಾಗಿನಿಂದ ಇಲ್ಲಿ ಎರಡು ಅಳತೆಯ ಹಳಿ ಕೂಡುತ್ತಿದ್ದವು. ಆ ಗಾಡಿಯ ಸರಕು ಈ ಗಾಡಿಗೆ ದಾಟಬೇಕೆಂದರೆ ಹಮಾಲರ ಬೆನ್ನೇ ಸೇತುವೆ. 2008ರ ಹೊತ್ತಿಗೆ ಗದಗದವರೆಗೂ ಬ್ರಾಡ್‌ಗೇಜ್ ಆಯಿತು, ಆ ಕೆಲಸ ಇಲ್ಲವಾಯಿತು. ಮಹಾರಾಷ್ಟ್ರದಲ್ಲಿ ಹಮಾಲರಿಗೆಂದೇ 1969ರ ಮಾಥಾಡಿ ಕಾಯ್ದೆ ಇದೆ, ಮಂಡಳಿ ಇದೆ. ಮಾಲಧಕ್ಕೆಯಲ್ಲಿ ಚೀಲ ಹೊರುವವನಿಗೆ ಅದರ ಆಸರೆ ಉಂಟು. ಸೈಡಿಂಗಿನ ಗುತ್ತಿಗೆ ಆಳಿನ ಹೆಸರು ಯಾವ ರಜಿಸ್ಟರಿನಲ್ಲಿದೆ ಅನ್ನುವುದನ್ನು ಕಾರ್ಮಿಕ ಇಲಾಖೆಯವರು ಒಮ್ಮೆ ತೆಗೆದು ನೋಡಲಿ. ಆದರೂ ಒಂದು ಮಾತು: ಚೀಲ ಹೊರುವ ಕೆಲಸ ಉಳಿಯಲಿ ಅಂತ ಹೋರಾಡಿದವರನ್ನು ನೋಡಿದ್ದೇವೆ. ಝಾಕಣ ಬಿಚ್ಚಲು ನೆತ್ತಿ ಹತ್ತುವ ಕೆಲಸ ನನ್ನ ಮಗನಿಗೂ ಇರಲಿ ಅನ್ನುವ ಅಪ್ಪ ಸಿಗಲಿಕ್ಕಿಲ್ಲ.

ತಾನೇ ತೆರೆಯುವ ಝಾಕಣ ಬರುವ ತನಕ ಮಾಡಬಹುದಾದದ್ದು ಬಹಳ ಇದೆ, ದುಬಾರಿಯೂ ಅಲ್ಲ. ಡಬ್ಬಿಯ ಎತ್ತರಕ್ಕೆ ಸರಿಯಾಗಿ ಕಟಾಂಜನದ ಅಟ್ಟ ಕಟ್ಟಿ, ಝಾಕಣದ ಕೆಲಸವೆಲ್ಲ ತಂತಿಯಿಲ್ಲದ ಆ ಜಾಗದಲ್ಲೇ ಆಗುವಂತೆ ಮಾಡಬಹುದು. ಮೇಲೆ ತೊಲೆಗೆ ಹಗ್ಗ ಕಟ್ಟಿ ಆಳಿನ ಸೊಂಟದ ಪಟ್ಟಿಗೆ ಸಿಕ್ಕಿಸಬಹುದು. ಕರೆಂಟು ಕಡಿಯುವ ಸ್ವಿಚ್ಚಿಗೆ ಬೀಗ ಹಾಕಿ, ಕೊನೆಯ ಆಳು ಕೆಳಗಿಳಿಯುವ ತನಕ ಕೀಲಿ ಮುಕಾದಮನ ಕಿಸೆಯಲ್ಲೇ ಇರಬೇಕು. ಏಣಿಯ ಬುಡಕ್ಕೆ ‘ಮೇಲೆ ತಂತಿ ಇದೆ’ ಅಂತ ಮರಾಠಿ, ಹಿಂದಿಯ ಜೊತೆಗೆ ಕನ್ನಡದಲ್ಲೂ ಬರೆಸಿದರೆ ಇನ್ನೂ ಚಲೋ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಂದ ಕೂಲಿಗೆ ಬರುವ ಎಷ್ಟೋ ಮಂದಿ ಓದು ಕಲಿತದ್ದು ಕನ್ನಡ ಶಾಲೆಯಲ್ಲೇ.